ಎಕ್ಕದ ಬೀಜಕ್ಕೆ ಅಜ್ಜನ ಹೆಸರು ಯಾಕೆ?

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ವಿದ್ಯಾರ್ಥಿ ಪುಟದಾಗೆ ಎಕ್ಕದ ಕಾಯಿ ಒಡೆದು ಬೀಜ ಹಾರೋ ಫೋಟೋ ಹಾಕಿ ಕೆಳಗೆ 'ಪ್ಯಾಪಸ್' ಅಂತ ಬರೆದಿದ್ರಿ. ಫೋಟೋ ಭಾಳ ಚೆನ್ನಾಗಿತ್ತು, ಹೆಸರು ಮಾತ್ರ ತಪ್ಪು. ಮೊಮ್ಮಗಳು ಬಿಎಸ್ಸಿ ಓದ್ತಾಳೆ, ಅವಳ ಬಾಟನಿ ಪುಸ್ತಕ ತಿರುವಿ, ಅವಳನ್ನೂ ಎರಡು ಸಲ ಕೇಳಿ ಖಾತ್ರಿ ಮಾಡ್ಕೊಂಡೇ ಬರೀತಿದೀನಿ.

ಈ ಪ್ಯಾಪಸ್ ಬಂದಿದ್ದು ಗ್ರೀಕಿನ 'ಪಾಪ್ಪೋಸ್'ನಿಂದ, ಅಂದ್ರೆ ಅಜ್ಜ. ಬೀಜದ ತಲೆ ಮೇಲೆ ಬೆಳ್ಳಗೆ ಎದ್ದು ನಿಂತ ಕೂದಲು ನೋಡಿ ಇಟ್ಟ ಹೆಸರು. ಮಲಯಾಳಿಗಳೂ ಇಂಥ ಹಾರೋ ಬೀಜಕ್ಕೆ 'ಅಪ್ಪೂಪ್ಪನ್ ತಾಡಿ' ಅಂತಾರೆ, ಅಜ್ಜನ ಗಡ್ಡ ಅಂತ! ಎಲ್ಲಿಯ ಗ್ರೀಸು ಎಲ್ಲಿಯ ಕೇರಳ. ಸೆನೆಸಿಯೋ ಅಂತ ಒಂದು ಗಿಡದ ಜಾತಿ ಐತೆ, ಅದೂ ಹಿಂಗೇ, ಲ್ಯಾಟಿನ್ನಿನ 'ಸೆನೆಕ್ಸ್' ಅಂದ್ರೆ ಮುದುಕ.

ಆದ್ರೆ ಬಾಟನಿಯವರು ಈ ಅಜ್ಜನ್ನ ಸೂರ್ಯಕಾಂತಿ ಕುಟುಂಬಕ್ಕೆ ಮೀಸಲಿಟ್ಟಾರೆ. ಅಲ್ಲಿ ಹೂವಿನ ಪುಷ್ಪಪಾತ್ರೆನೇ (ಬೇರೆ ಹೂಗಳಾಗೆ ದಳದ ಹೊರಗೆ ಹಸಿರು ಬಟ್ಟಲಿನಂಗೆ ಇರುತ್ತಲ್ಲ, ಅದು) ಕೂದಲಾಗಿ ಕಾಯಿ ಮೇಲೆ ಉಳ್ಕೊಳ್ಳುತ್ತೆ. ಎಕ್ಕದ್ದು ಹಂಗಲ್ಲ, ಕೂದಲು ಬೀಜದ ಸಿಪ್ಪೆಯಿಂದಲೇ ಹುಟ್ಟೋದು, ಅದಕ್ಕೆ 'ಕೋಮಾ' ಅಂತಾರೆ. ಆಸ್ಪತ್ರೆ ಕೋಮಾ ಅಲ್ಲ ಮತ್ತೆ, ಅದು ಗಾಢ ನಿದ್ದೆ ಅನ್ನೋ ಬೇರೆ ಗ್ರೀಕ್ ಪದ. ಇದು 'ಕೋಮೆ', ಕೂದಲು ಅಂತ, ಧೂಮಕೇತುಗೆ ಇಂಗ್ಲಿಷಿನಲ್ಲಿ ಕಾಮೆಟ್ ಅನ್ನೋದೂ ಇದರಿಂದಲೇ.

ನಾನು ದಾವಣಗೆರೆ ಹತ್ತಿ ಮಿಲ್ಲಿನಾಗೆ ನೂಲು ತೆಗೆದು ಬಂದವನು, ನನಗೆ ಇದು ಬೇಗ ಹೊಳೀತು, ಯಾಕಂದ್ರೆ ಹತ್ತಿ ಎಳೆನೂ ಬೀಜದ ಸಿಪ್ಪೆ ಮೇಲಿನ ಕೂದಲೇ, ಒಂದೊಂದು ಎಳೆನೂ ಒಂದೇ ಒಂದು ಜೀವಕೋಶ. ಹತ್ತಿ ಎಳೆ ಒಣಗಿದಾಗ ತಿರುಚ್ಕೊಳ್ಳುತ್ತೆ, ಅದಕ್ಕೇ ಒಂದಕ್ಕೊಂದು ಹಿಡ್ಕೊಂಡು ನೂಲಾಗುತ್ತೆ. ಎಕ್ಕದ್ದು ನುಣ್ಣಗೆ ಜಾರುತ್ತೆ, ಬೇಗ ಮುರಿಯುತ್ತೆ, ಒಂದೇ ನೂತ್ರೆ ನಿಲ್ಲಲ್ಲ. ನಮ್ಮವ್ವ ಅದನ್ನ ದಿಂಬಿಗೆ ತುಂಬ್ತಿದ್ಲು ಅಷ್ಟೆ.

ಮುಂದಿನ ವಾರ ಅದೇ ಫೋಟೋ ಮತ್ತೆ ಹಾಕಿದ್ರೂ ಪರವಾಗಿಲ್ಲ, ಕೆಳಗೆ ಕೋಮಾ ಅಂತ ತಿದ್ದಿ, ಹುಡುಗ್ರು ಪರೀಕ್ಷೆಯಾಗೆ ಹಂಗೇ ಬರೆದು ಮಾರ್ಕ್ಸ್ ಕಳ್ಕೊಂಡಾರು. ಪ್ಯಾಪಸ್ ತೋರಿಸ್ಬೇಕು ಅಂದ್ರೆ ಟ್ರೈಡಾಕ್ಸ್ ಅನ್ನೋ ಕಳೆ, ಗಾಯಕ್ಕೆ ಸೊಪ್ಪು ಹಿಂಡ್ತೀವಲ್ಲ ಅದು, ಅದರ ಫೋಟೋ ಹಾಕಿ. ಅದಕ್ಕೇನು ದೂರ ಹೋಗ್ಬೇಕಿಲ್ಲ, ನಮ್ಮ ಹಳೇ ಮಿಲ್ಲಿನ ಕಾಂಪೌಂಡಿನಾಗೆ ಬೇಕಾದಷ್ಟು ಐತೆ.

ಇಂತಿ,
ನಿವೃತ್ತ ಮಿಲ್ ಕಾರ್ಮಿಕ, ದಾವಣಗೆರೆ