ನಮ್ಮನ್ನು ಮತ್ತೆ ವಿದ್ಯಾರ್ಥಿಗಳಾಗಿಸಿದವರಿಗೆ

ಹೊಸ ಸಂವೇದಕಗಳ ಕುರಿತ ಅಧ್ಯಾಪಕರ ತರಬೇತಿ ಮುಗಿಸಿ ಬಂದು, ಅಲ್ಲಿ ಕಲಿತದ್ದನ್ನು ಒಂದು ಸೆಮಿಸ್ಟರ್ ಪೂರ್ತಿ ಪಾಠ ಮಾಡಿದೆ. ಕೊನೆಯ ಪ್ರಯೋಗ ತರಗತಿ ನಿನ್ನೆ ಮುಗಿಯಿತು. ಧನ್ಯವಾದವನ್ನು ಈವರೆಗೆ ಉಳಿಸಿಕೊಂಡದ್ದು ಬೇಕೆಂದೇ. ಕಲಿತದ್ದು ದಕ್ಕಿದೆಯೇ ಎಂಬುದು ವಿದ್ಯಾರ್ಥಿಗಳ ಎದುರು ನಿಂತಾಗಲೇ ಗೊತ್ತಾಗುವುದು.

ಮೊದಲ ವಂದನೆ ತರಬೇತುದಾರರಿಗೆ. ಮೊದಲ ದಿನವೇ ಒಂದು ಮೆಮ್ಸ್ ಆಕ್ಸಿಲರೋಮೀಟರನ್ನು, ಅಂದರೆ ವೇಗೋತ್ಕರ್ಷ ಅಳೆಯುವ ಪುಟ್ಟ ಚಿಪ್ಪನ್ನು, ಮೇಜಿನ ಮೇಲಿಟ್ಟು ಪರದೆ ನೋಡಲು ಹೇಳಿದಿರಿ. ಅಲುಗದೆ ಕುಳಿತಿದ್ದ ಚಿಪ್ 9.8 ಮೀ/ಸೆ² ತೋರಿಸುತ್ತಿತ್ತು. ಏಕೆ ಎಂದಿರಿ. ವರ್ಷಗಟ್ಟಲೆ ಪಾಠ ಹೇಳಿದ ನಾವೆಲ್ಲ ಒಂದೇ ದನಿಯಲ್ಲಿ ‘ಗುರುತ್ವ’ ಎಂದೆವು. ನೀವು ಸರಿ, ತಪ್ಪು ಏನನ್ನೂ ಹೇಳದೆ, ಕೆಳಗೊಂದು ಸ್ಪಂಜು ಹಾಸಿ ತಂತಿಯ ಸಮೇತ ಚಿಪ್ಪನ್ನು ಕೈಬಿಟ್ಟಿರಿ. ಬೀಳುವಷ್ಟು ಹೊತ್ತೂ ಗೆರೆ ಸೊನ್ನೆಯ ಹತ್ತಿರವೇ ಇತ್ತು. ಗುರುತ್ವ ಆಗಲೂ ಇತ್ತಲ್ಲ! ಒಳಗಿನ ಪುಟ್ಟ ತೂಕವನ್ನು ಹಿಡಿದಿರುವ ಸಿಲಿಕಾನ್ ಸ್ಪ್ರಿಂಗ್ ಎಷ್ಟು ಬಾಗಿದೆ ಎಂಬುದನ್ನಷ್ಟೇ ಚಿಪ್ ಬಲ್ಲದು ಎಂಬುದಕ್ಕೆ ನಾವಾಗಿಯೇ ಬರುವವರೆಗೆ ನೀವು ಕಾದಿರಿ. ಆ ತಾಳ್ಮೆಗೆ ನಾನು ಋಣಿ.

ಅಂಟಿಸಿದ ಲೋಹ ಎಷ್ಟು ಹಿಗ್ಗಿತೆಂಬುದನ್ನು ತನ್ನ ವಿದ್ಯುತ್ ರೋಧದ ಬದಲಾವಣೆಯಿಂದ ತಿಳಿಸುವ ಸ್ಟ್ರೇನ್ ಗೇಜ್ ಅಂಟಿಸಲು ಕಲಿಸಿದ ಪ್ರಯೋಗಾಲಯದ ಸಹಾಯಕರನ್ನು ಹೇಗೆ ನೆನೆಯಲಿ? ಉಕ್ಕಿನ ಪಟ್ಟಿಯನ್ನು ಉಜ್ಜಿ, ಅಸಿಟೋನಿನಲ್ಲಿ ಒರೆಸಿ, ಒಂದೇ ಹನಿ ಅಂಟು ಹಾಕಿ, ಹೆಬ್ಬೆರಳನ್ನು ಒಂದು ನಿಮಿಷ ಕದಲಿಸದೆ ಒತ್ತಿ ಹಿಡಿದು ತೋರಿಸಿದರು. ನನ್ನ ಮೊದಲ ಎರಡು ಗೇಜುಗಳು ಎದ್ದು ಬಂದವು. ಅವರು ಮಾತಿಲ್ಲದೆ ಮೂರನೆಯದನ್ನು ಕೊಟ್ಟರು. ಗೇಜ್ ಫ್ಯಾಕ್ಟರ್ (ಹಿಗ್ಗಿದ ಪಾಲಿನ ಎಷ್ಟು ಪಟ್ಟು ರೋಧ ಬದಲಾಗುತ್ತದೆ ಎಂಬುದು) 2 ಇರುವ 120 ಓಮ್ ಗೇಜಿನಲ್ಲಿ 1000 ಮೈಕ್ರೋಸ್ಟ್ರೇನಿಗೆ, ಅಂದರೆ ಉದ್ದದ ಸಾವಿರದಲ್ಲೊಂದು ಪಾಲು ಹಿಗ್ಗಿದಾಗ, ಬದಲಾಗುವುದು ಬರೀ 0.24 ಓಮ್. ಈ ಲೆಕ್ಕವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ! ಬೆರಳಿನ ಬಿಸಿಗೇ ರೀಡಿಂಗ್ ಸರಿದುಹೋಗುವುದನ್ನು ಕಣ್ಣಾರೆ ಕಂಡದ್ದು ಮಾತ್ರ ಅಂದೇ. ರೋಧದ ಸಣ್ಣ ಬದಲಾವಣೆ ಅಳೆಯುವ ನಾಲ್ಕು ತೋಳಿನ ಮಂಡಲವಾದ ವೀಟ್‌ಸ್ಟೋನ್ ಸೇತುವೆಯ ಪಕ್ಕದ ತೋಳಿನಲ್ಲಿ, ಬಿಸಿಯ ಪರಿಣಾಮವನ್ನು ಸರಿದೂಗಿಸಲು ಎಳೆತವಿಲ್ಲದ ಡಮ್ಮಿ ಗೇಜ್ ಏಕೆ ಬೇಕೆಂದು ಈಗ ಹೇಳುವಾಗ ನನ್ನ ದನಿಯೇ ಬೇರೆ.

ನಾನಿಲ್ಲದಾಗ ನನ್ನ ತರಗತಿಗಳನ್ನೂ ಹೊತ್ತ ಸಹೋದ್ಯೋಗಿಗಳಿಗೆ, 3.3 ವೋಲ್ಟಿನ ಚಿಪ್ಪಿಗೆ ವಿದ್ಯಾರ್ಥಿಗಳು 5 ವೋಲ್ಟ್ ಕೊಟ್ಟು ಸುಟ್ಟಾಗಲೂ ಹೊಸದನ್ನು ತರಿಸಿಕೊಟ್ಟ ವಿಭಾಗದ ಮುಖ್ಯಸ್ಥರಿಗೆ ವಂದನೆಗಳು. ಕೆಡುವ ಭಯವಿರುವ ಉಪಕರಣ ಬೀರುವಿನಲ್ಲೇ ಉಳಿಯುತ್ತದೆ. ನಮ್ಮವು ಮೇಜಿನ ಮೇಲೆ ಉಳಿದದ್ದು ಅವರಿಂದ.

ಕೊನೆಯದಾಗಿ ನನ್ನ ವಿದ್ಯಾರ್ಥಿಗಳಿಗೆ. ನಿನ್ನೆ ಅದೇ ಬೀಳಿಸುವ ಪ್ರಯೋಗ ಮಾಡುತ್ತಿದ್ದಾಗ ಒಬ್ಬ ಹುಡುಗಿ ಕೇಳಿದಳು: “ಸರ್, ತಿರುಗುತ್ತಾ ಬಿದ್ದಾಗ ಸೊನ್ನೆ ಬರುತ್ತಿಲ್ಲವಲ್ಲ, ಏಕೆ?” ಉತ್ತರ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡು, ಸ್ಪಂಜನ್ನು ಅವಳ ಕಡೆಗೆ ಸರಿಸಿದೆ.