ಒದ್ದೆ ಶೂ, ರಾಜ್ಯೋತ್ಸವ, ಹತ್ತು ಚಿಲ್ರೆ ಕಿಲೋಮೀಟರ್

ಎಲ್ರಿಗೂ ನಮಸ್ಕಾರ. ಇಲ್ಲಿ ಅಮೆರಿಕದ ನಮ್ಮ ಕನ್ನಡ ಕೂಟದ ಪತ್ರಿಕೆ ಈ ಸಲದ ಸಂಚಿಕೆ ಒಂದು ವಾರ ತಡ, ತಪ್ಪು ನಂದೇ. ಸಂಪಾದಕೀಯ ಊರಿಂದಾನೇ ಬರೆದು ಕಳಿಸ್ತೀನಿ ಅಂತ ಕಮಿಟಿಯೋರಿಗೆ ಹೇಳಿ ಹೋದೋನು ಅಲ್ಲಿ ಒಂದಕ್ಷರ ಬರೀಲಿಲ್ಲ, ಯಾಕಂದ್ರೆ ನವೆಂಬರ್ 1 ಆದ್ಮೇಲೆ ಮೂರು ದಿನ ಮೆಟ್ಟಿಲು ಇಳಿಯೋದೇ ದೊಡ್ಡ ಕೆಲಸ ಆಗೋಗಿತ್ತು.

ಆಗಿದ್ದಿಷ್ಟು. ಪಾಂಡವಪುರದಲ್ಲಿ ಹುಡುಗರು ರಾಜ್ಯೋತ್ಸವಕ್ಕೆ ಅಂತ ಒಂದು ರಸ್ತೆ ಓಟ ಇಟ್ಕೊಂಡಿದ್ರು, ಊರಿಂದ ಕುಂತಿಬೆಟ್ಟದ ಕಡೆ ಹೋಗಿ ವಾಪಸ್, 10 ಕಿಲೋಮೀಟರ್. "ಭಾವ, ನೀವು ಅಲ್ಲಿ ಓಡ್ತೀರಲ್ಲ, ನಿಮ್ಮೆಸ್ರು ಕೊಟ್ಟಿವ್ನಿ" ಅಂದ ಭಾಮೈದ. ಥ್ಯಾಂಕ್ಸ್‌ಗಿವಿಂಗ್ ದಿನ ಟರ್ಕಿ ಟ್ರಾಟ್ ಅನ್ನೋ ಹಬ್ಬದ ಓಟ ಓಡೋನಿಗೆ ಇದೇನ್ ಮಹಾ ಅನ್ನೋ ಕೊಬ್ಬು ನಂಗೆ, ಹೂಂ ಅಂದುಬಿಟ್ಟೆ. ಊರಿಗೆ ಬಂದು ಮೂರೇ ದಿನ, ಒಂಬತ್ತೂವರೆ ಗಂಟೆ ವ್ಯತ್ಯಾಸ, ಮೈ ಹೊಂದ್ಕೊಳ್ಳೋದು ದಿನಕ್ಕೆ ಹೆಚ್ಚುಕಮ್ಮಿ ಒಂದು ಗಂಟೆ ಲೆಕ್ಕ, ಅಂದ್ರೆ ಬೆಳಗ್ಗೆ ಆರೂವರೆಗೆ ಓಟ ಶುರುವಾದಾಗ ನನ್ನ ಹೊಟ್ಟೆಗೆ ಇನ್ನೂ ನಡುರಾತ್ರಿ, ಆ ಹೊಟ್ಟೆಲಿ ಅತ್ತೆ ಬಲವಂತಕ್ಕೆ ನುಂಗಿದ ಎರಡು ಮುದ್ದೆ, ಹುರುಳಿಕಾಳು ಬಸ್ಸಾರು ಬೇರೆ.

ಅದರ ಮೇಲೆ ಮಳೆ. ಬಂಗಾಳ ಕೊಲ್ಲಿಲಿ ವಾಯುಭಾರ ಕುಸಿತ ಅಂತ ಟೀವಿಲಿ ಹೇಳ್ತಾನೇ ಇದ್ರು, ರಾತ್ರಿಯೆಲ್ಲಾ ಹಿಡಿದ ಸೋನೆ ಬಿಡ್ಲೇ ಇಲ್ಲ, ಗಾಳಿ ನೋಡಿದ್ರೆ ಬಾವುಟಗಳೆಲ್ಲ ಕಂಬಕ್ಕೆ ಸುತ್ತಾಕ್ಕೊಂಡಿದ್ವು. ನಾನು ಖುಷಿಯಾಗಿ, ಕ್ಯಾನ್ಸಲ್ಲಾ ಅಂತ ಕೇಳ್ದೆ. ಮೈಕ್ ಹಿಡಿದಿದ್ದ ಹುಡುಗ ನನ್ನನ್ನ ವಿಚಿತ್ರವಾಗಿ ನೋಡಿ "ಯಾಕ್ ಸಾರ್, ಮಳೆ ಅಲ್ವಾ ಬತ್ತಾ ಇರದು" ಅಂದ.

ಮೊದಲ ಮೂರು ಕಿಲೋಮೀಟರ್ ಸ್ಕೂಲ್ ಹುಡುಗರ ಜೊತೆ ಪೈಪೋಟಿಗೆ ಬಿದ್ದೆ, ಮಾಡಬಾರದ ತಪ್ಪು. ಯೂನಿಫಾರ್ಮ್ ಚೂಡಿದಾರದಲ್ಲೇ, ಬರಿಗಾಲಲ್ಲಿ ಓಡ್ತಿದ್ದ ಒಂದು ಹುಡುಗಿ ಪಕ್ಕದಲ್ಲಿ ಹೋದ್ಲು, ಮತ್ತೆ ಕಾಣಿಸ್ಲಿಲ್ಲ. ನನ್ನ ದುಬಾರಿ ಶೂ ನೀರು ಕುಡಿದು ಒಂದೊಂದೂ ಒಂದೊಂದು ಸೇರು ತೂಗ್ತಿತ್ತು. ಕಬ್ಬಿನ ಟ್ರ್ಯಾಕ್ಟರ್‌ಗಳಿಂದ ಉದುರಿದ ಸೋಗೆ ರೋಡಿಗೆ ಅಂಟ್ಕೊಂಡು ಜಾರ್ತಿತ್ತು, ರಸ್ತೆನೂ ಬಂದ್ ಮಾಡಿರಲಿಲ್ಲ, ಬಸ್ಸು, ಟ್ರ್ಯಾಕ್ಟರ್ ಎಲ್ಲ ನಮ್ ಜೊತೇಲೇ. ಹಿಂದಿಂದ ಬಂದ ಆಟೋದವನು ನಿಧಾನ ಮಾಡಿ "ಯಾಕಣ್ಣ ಓಡ್ತೀಯ, ಯಾರಾದ್ರೂ ಅಟ್ಟುಸ್ಕಂಡ್ ಬತ್ತಾವ್ರಾ, ಅತ್ಕೊ ಬುಡ್ತೀನಿ" ಅಂದ. ಹತ್ಬಿಡೋಣ ಅನ್ನಿಸ್ತು ನಿಜ. ಮುಂದುಗಡೆ ಭಾಮೈದನ ಫ್ರೆಂಡ್ಸು ಮೊಬೈಲ್ ಹಿಡ್ಕೊಂಡು ನಿಂತಿದ್ರು, ಮರ್ಯಾದೆ ಪ್ರಶ್ನೆ, ಹತ್ತಲಿಲ್ಲ.

ಮಧ್ಯೆ ಒಂದು ಕಡೆ ನಾಲೆ ಏರಿ ಮೇಲೆ ಹೋಗ್ಬೇಕು. 2018ರಲ್ಲಿ ಇದೇ ತಾಲೂಕಿನ ಕನಗನಮರಡಿ ಹತ್ರ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಸ್ ಬಿದ್ದು 30 ಜನ ತೀರ್ಕೊಂಡ್ರಲ್ಲ, ಅದು ನೆನಪಾಗಿ ಕಾಲು ತಾನಾಗೇ ನಿಧಾನ ಆಯ್ತು. ನೋಡಿದ್ರೆ ಆ ಜಾಗದಲ್ಲಿ ಮಾತ್ರ ಹತ್ತು ಹನ್ನೆರಡು ಹುಡುಗರು ತಲೆಗೆ ಗೊಬ್ಬರದ ಚೀಲ ಕೊಪ್ಪೆ ಹಾಕ್ಕೊಂಡು, ನೀರಿನ ಬದಿಗೆ ಹಗ್ಗ ಹಿಡಿದು ಸಾಲಾಗಿ ನಿಂತಿದ್ರು. ಕೊನೆಯವನು ದಾಟೋತನಕ ನಿಂತಿದ್ರು, ಗೊತ್ತು, ಕೊನೆಯವರಲ್ಲಿ ನಾನೂ ಒಬ್ಬ. ಆಂಬುಲೆನ್ಸ್ ಇರ್ಲಿಲ್ಲ, ಅದು ತಪ್ಪೇ, ಹೇಳಿ ಬಂದಿದೀನಿ. ಆದ್ರೆ ಎಲ್ಲಿ ಹಗ್ಗ ಬೇಕು ಅಂತ ಅವರಿಗೆ ಗೊತ್ತಿತ್ತು. ನಾವು ಇಲ್ಲಿ ಕೂಟದ ಓಟಕ್ಕೆ, ಏನಾದ್ರೂ ಆದ್ರೆ ನಾವು ಹೊಣೆ ಅಲ್ಲ ಅನ್ನೋ ನಾಕು ಪುಟದ ಫಾರ್ಮ್‌ಗೆ ಸೈನ್ ಹಾಕುಸ್ಕೋತೀವಿ, ಪಾರ್ಕಿನ ಕೆರೆ ಪಕ್ಕದ ತಿರುವಲ್ಲಿ ಹಿಂದೆ ಓಟ ನಡೆದಾಗ ಒಬ್ಬರನ್ನೂ ನಿಲ್ಲಿಸಿರಲಿಲ್ಲ.

ಮುಗಿಸಿದಾಗ ನನ್ನ ವಾಚು 10.8 ತೋರಿಸ್ತು. ಇಲ್ಲಿ ದೊಡ್ಡ ರೇಸ್‌ಗಳಲ್ಲಿ ಸೈಕಲ್ ಚಕ್ರಕ್ಕೆ ಕೌಂಟರ್ ಕಟ್ಟಿ ಅಳೀತಾರೆ, ದೂರ ಕಮ್ಮಿ ಬೀಳಬಾರದು ಅಂತ ಸಾವಿರ ಮೀಟರ್‌ಗೆ ಒಂದು ಮೀಟರ್ ಜಾಸ್ತಿ ಸೇರಿಸ್ತಾರೆ, ಅಲ್ಲಿ ಬೈಕ್ ಮೀಟರ್ ನೋಡ್ಕೊಂಡು ಅಳೆದಿದ್ರು. ಕೇಳಿದ್ರೆ ಅಲ್ಲಿದ್ದ ಹುಡುಗ "ಜಾಸ್ತಿ ಓಡುದ್ರೆ ಲಾಸಾ ಸಾರ್" ಅಂತ ಕೈಗೆ ಬಿಸಿ ಉಪ್ಪಿಟ್ಟು ಕೊಟ್ಟ.

ಈಗ ನಮ್ಮ ವಿಷಯ. ಕಳೆದ ವರ್ಷ ನಮ್ಮ ಕೂಟದ ಓಟನ ಮಳೆ ಮುನ್ಸೂಚನೆ ನೋಡಿ ಹಿಂದಿನ ದಿನವೇ ಕ್ಯಾನ್ಸಲ್ ಮಾಡಿದ್ವಿ, ಮಾಡೋಣ ಅಂತ ಮೊದಲು ಕೈ ಎತ್ತಿದ್ದು ನಾನೇ. ಈ ವರ್ಷ ಕಮಿಟಿಗೆ ನಾನು ಕೇಳೋದು, ಮಳೆಗೆ ನಿಲ್ಸೋದು ಬೇಡ. ಗುಡುಗು ಕೇಳಿಸಿದ್ರೆ ನಿಲ್ಸೋಣ, ಕೊನೇ ಗುಡುಗಾಗಿ 30 ನಿಮಿಷ ಕಾಯೋಣ, ಅಷ್ಟೇ. ಕೆರೆ ತಿರುವಿಗೆ ಹಗ್ಗ ಹಿಡಿಯೋಕೆ ಆರು ಜನ ಬೇಕು, ನಾನೊಬ್ಬ ಇದೀನಿ, ಇನ್ನು ಐದು ಜನ ಹೆಸರು ಕೊಡಿ. ಉಪ್ಪಿಟ್ಟು ಯಾರು ಮಾಡ್ತೀರಿ ಅಂತಾನೂ ಬೇಗ ಹೇಳ್ಬಿಡಿ, ತಣ್ಣಗಿರೋ ಬೇಗಲ್ (ಬಳೆ ಥರದ ಬ್ರೆಡ್ಡು) ಬೇಡ್ವೇ ಬೇಡ.