ತೆರೆಯ ಹಿಂದಿನವರ ಬಗ್ಗೆ ಬರೆಯುವ ತಂಗಿಗೆ

ಪ್ರೀತಿಯ ತಂಗಿ,

1959ರ ಹಾಲಿವುಡ್ ಹಾಸ್ಯಚಿತ್ರ 'ಸಮ್ ಲೈಕ್ ಇಟ್ ಹಾಟ್' ತಂಡದ ಬಗ್ಗೆ ನೀನು ಬರೆದು ಕಳಿಸಿದ್ದನ್ನು ಓದಿದೆ. ತುಂಬ ಓದಿಕೊಂಡು ಬರೆದಿದ್ದೀಯ, ಅದು ಗೊತ್ತಾಗುತ್ತದೆ. ಆದರೆ ಮೊದಲ ಪುಟ ಮುಗಿಯುವಷ್ಟರಲ್ಲಿ ಮದುವೆ ಕಾಗದ ಓದಿದ ಹಾಗಾಯಿತು ಮಾರಾಯ್ತಿ. ನಿರ್ದೇಶನ ಬಿಲ್ಲಿ ವೈಲ್ಡರ್, ಚಿತ್ರಕಥೆ ವೈಲ್ಡರ್ ಮತ್ತು ಐ.ಎ.ಎಲ್. ಡೈಮಂಡ್, ಛಾಯಾಗ್ರಹಣ ಚಾರ್ಲ್ಸ್ ಲ್ಯಾಂಗ್, ಸಂಗೀತ ಅಡಾಲ್ಫ್ ಡಾಯ್ಚ್, ಉಡುಪು ಆರಿ-ಕೆಲಿ, ತಾರಾಗಣದಲ್ಲಿ ಮರ್ಲಿನ್ ಮನ್ರೋ, ಟೋನಿ ಕರ್ಟಿಸ್, ಜ್ಯಾಕ್ ಲೆಮನ್... ಒಂದು ಹೆಸರೂ ತಪ್ಪಿಲ್ಲ. ಆದರೆ ಇವರಲ್ಲಿ ಯಾರು ಏನು ಮಾಡಿದರು ಅನ್ನುವುದು ಎಲ್ಲೂ ಇಲ್ಲ. ಹೆಸರುಗಳು ಟೈಟಲ್ ಕಾರ್ಡ್‌ನಲ್ಲೇ ಇವೆ, ಅಲ್ವಾ? ಅದಕ್ಕಾಗಿ ಯಾರೂ ನಿನ್ನ ಲೇಖನ ಓದುವುದಿಲ್ಲ.

ಹೀಗೆ ಮಾಡಿ ನೋಡು. ಹೆಸರಿನಿಂದ ಶುರು ಮಾಡಬೇಡ. ಆ ತಂಡಕ್ಕೆ ಎದುರಾದ ಒಂದು ತಾಪತ್ರಯದಿಂದ ಶುರು ಮಾಡು. ಅದನ್ನು ಬಿಡಿಸಲು ಯಾರ್ಯಾರು ಕೈ ಹಾಕಿದರೋ ಅವರನ್ನು ಮಾತ್ರ ಲೇಖನದ ಒಳಗೆ ಬಿಡು. ಉಳಿದವರು ಹೊರಗೆ ನಿಂತರೂ ಪರವಾಗಿಲ್ಲ.

ಮೊದಲ ತಾಪತ್ರಯ ಕಥೆಯದ್ದು. ಇದು ವೈಲ್ಡರ್ ಅವರ ಸ್ವಂತ ಕಥೆ ಅಂತ ಬರೆದಿದ್ದೀಯ, ಅದನ್ನು ತಿದ್ದು. 1935ರ ಒಂದು ಫ್ರೆಂಚ್ ಸಿನಿಮಾ, 1951ರಲ್ಲಿ ಅದನ್ನೇ ಜರ್ಮನಿಯಲ್ಲಿ ಮತ್ತೆ ಮಾಡಿದ್ದು, ಇವೆರಡು ಮೊದಲೇ ಇದ್ದವು. ಕೆಲಸವಿಲ್ಲದ ಇಬ್ಬರು ಸಂಗೀತಗಾರರು ಹೊಟ್ಟೆಪಾಡಿಗೆ ಏನೇನೋ ವೇಷ ಹಾಕುತ್ತಾರೆ, ಹೆಣ್ಣುವೇಷವನ್ನೂ ಹಾಕುತ್ತಾರೆ. ತಮಾಷೆಯೇನೋ ಇದೆ. ಆದರೆ ಬರೀ ಕೆಲಸಕ್ಕಾಗಿ ಹಾಕಿದ ವೇಷವನ್ನು ಯಾವಾಗ ಬೇಕಾದರೂ ಕಳಚಬಹುದು. ಒಬ್ಬ ಪ್ರೀತಿಯಲ್ಲಿ ಬಿದ್ದ ಅನ್ನು. ವಿಗ್ ಕಿತ್ತು ಹುಡುಗಿಗೆ ನಿಜ ಹೇಳಿಬಿಟ್ಟರೆ ಕಥೆ ಅಲ್ಲೇ ಮುಗಿಯಿತು. ವೈಲ್ಡರ್ ಮತ್ತು ಡೈಮಂಡ್ ತಲೆ ಕೆಡಿಸಿಕೊಂಡದ್ದು ಇದಕ್ಕೇ. ವೇಷ ಕಳಚಿದರೆ ಜೀವ ಹೋಗುತ್ತದೆ ಅನ್ನುವ ಹಾಗಿರಬೇಕು. ಹಾಗಾಗಿ ಅವರು ಕಥೆಯನ್ನು 1929ರ ಷಿಕಾಗೋಗೆ ಒಯ್ದರು. ಆ ವರ್ಷ ಫೆಬ್ರವರಿ 14ರಂದು ಅಲ್ಲಿನ ಒಂದು ಗ್ಯಾರೇಜಿನಲ್ಲಿ ಏಳು ಜನರನ್ನು ಸಾಲಾಗಿ ನಿಲ್ಲಿಸಿ ಗುಂಡಿಟ್ಟು ಕೊಂದದ್ದು ನಿಜವಾಗಿ ನಡೆದ ಘಟನೆ. ಸಿನಿಮಾದಲ್ಲಿ ಇದೇ ರೀತಿಯ ಕೊಲೆಯನ್ನು ನಮ್ಮ ಇಬ್ಬರು ಬಡಪಾಯಿ ಸಂಗೀತಗಾರರು, ಅಂದರೆ ಕರ್ಟಿಸ್ ಮತ್ತು ಲೆಮನ್, ಕಣ್ಣಾರೆ ನೋಡಿಬಿಡುತ್ತಾರೆ. ಇನ್ನು ಸೀರಿಯಸ್ಸಾಗಿ ಓಡಲೇಬೇಕು. ಹೆಣ್ಣುವೇಷ ಹಾಕಿ ಹೆಂಗಸರ ಬ್ಯಾಂಡ್ ಸೇರುವುದೊಂದೇ ದಾರಿ. ಇಡೀ ಸಿನಿಮಾ ನಗಿಸುವುದು ಈ ಹೆಣಗಳ ಮೇಲೆ ನಿಂತುಕೊಂಡು. ನಿನ್ನ ಲೇಖನದಲ್ಲಿ ಇದು ಒಂದು ಸಾಲೂ ಇಲ್ಲ.

ಬರೆದ ಇಬ್ಬರ ಬಗ್ಗೆ ಒಂದೆರಡು ಮಾತು ಸೇರಿಸು. ವೈಲ್ಡರ್ 1906ರಲ್ಲಿ ಆಗಿನ ಆಸ್ಟ್ರಿಯಾ-ಹಂಗರಿಯಲ್ಲಿ ಹುಟ್ಟಿದವರು. ವಿಯೆನ್ನಾ, ಬರ್ಲಿನ್‌ನಲ್ಲಿ ಪತ್ರಿಕಾ ವರದಿಗಾರರಾಗಿದ್ದರು. 1933ರಲ್ಲಿ ಹಿಟ್ಲರ್ ಬಂದ ಕೂಡಲೇ ಬರ್ಲಿನ್ ಬಿಟ್ಟರು. ಡೈಮಂಡ್ ಹುಟ್ಟಿದ್ದು ರುಮೇನಿಯಾದಲ್ಲಿ, ಸಣ್ಣ ಹುಡುಗನಿದ್ದಾಗ ಅಮೆರಿಕಕ್ಕೆ ಬಂದರು. ವೈಲ್ಡರ್ ಕೈಯಲ್ಲೊಂದು ಕೋಲು ಹಿಡಿದು ಕೋಣೆ ತುಂಬ ಓಡಾಡುತ್ತಿದ್ದರು, ಡೈಮಂಡ್ ಟೈಪ್‌ರೈಟರ್ ಮುಂದೆ ಕೂತಿರುತ್ತಿದ್ದರು. ವೈಲ್ಡರ್ ಹೇಳಿದ್ದು ತುಂಬ ಹಿಡಿಸಿದರೆ ಡೈಮಂಡ್ 'ಯಾಕಾಗಬಾರದು?' ಅನ್ನುತ್ತಿದ್ದರಂತೆ. ಅದಕ್ಕಿಂತ ಜಾಸ್ತಿ ಹೊಗಳಿಕೆ ಆ ಮನುಷ್ಯನ ಬಾಯಿಂದ ಬರುತ್ತಿರಲಿಲ್ಲ. ಇಂಥದ್ದು ಒಂದು ಸಾಕು. ಇಬ್ಬರ ಪೂರ್ತಿ ಜೀವನಚರಿತ್ರೆ ಬೇಡ.

ಎರಡನೆಯದು ಬಣ್ಣದ ತಾಪತ್ರಯ. ಇದು ನನಗೆ ಬಹಳ ಇಷ್ಟ. ಯಾಕೆಂದರೆ ಇದೊಂದನ್ನೇ ಹಿಡಿದು ಎಳೆದರೆ ಮೇಕಪ್, ಕ್ಯಾಮೆರಾ, ಉಡುಪು, ಆಸ್ಕರ್ ಎಲ್ಲ ಹಿಂದೆಯೇ ಬರುತ್ತವೆ. 1950ರ ದಶಕದ ಕೊನೆ. ಮನ್ರೋ ಅವರ ಕರಾರಿನ ಪ್ರಕಾರ ಸಿನಿಮಾ ಕಲರ್‌ನಲ್ಲಿ ಇರಬೇಕಿತ್ತು. ಆದರೆ ಕರ್ಟಿಸ್, ಲೆಮನ್ ಇಬ್ಬರಿಗೂ ಹೆಣ್ಣಿನ ಮೇಕಪ್ ಹಾಕಿ ಟೆಸ್ಟ್ ಮಾಡಿದಾಗ ಮುಖ ಹಸಿರುಹಸಿರಾಗಿ ಕಂಡಿತು. ಗಡ್ಡ ಮುಚ್ಚಲು ದಪ್ಪಗೆ ಬಳಿಯಲೇಬೇಕು, ಬಳಿದರೆ ಹೀಗಾಗುತ್ತದೆ. ಕೊನೆಗೆ ವೈಲ್ಡರ್ ಮನ್ರೋ ಅವರನ್ನು ಒಪ್ಪಿಸಿ ಕಪ್ಪು-ಬಿಳುಪಿನಲ್ಲೇ ತೆಗೆದರು. ಆಗಿನ ಕಾಲದಲ್ಲಿ ಆಸ್ಕರ್‌ನ ಉಡುಪಿನ ಪ್ರಶಸ್ತಿ ಎರಡಿತ್ತು. ಕಲರ್ ಸಿನಿಮಾಕ್ಕೆ ಒಂದು, ಕಪ್ಪು-ಬಿಳುಪಿಗೆ ಒಂದು. ಆ ವರ್ಷ 'ಬೆನ್-ಹರ್' 11 ಆಸ್ಕರ್ ಬಾಚಿಕೊಂಡು ಹೋಯಿತು, ಕಲರ್ ಉಡುಪಿನದ್ದೂ ಅದಕ್ಕೇ. 'ಸಮ್ ಲೈಕ್ ಇಟ್ ಹಾಟ್' ಆರಕ್ಕೆ ನಾಮನಿರ್ದೇಶನ ಪಡೆದು ಒಂದೇ ಒಂದು ಗೆದ್ದಿತು. ಆ ಒಂದು ಯಾವುದು? ಕಪ್ಪು-ಬಿಳುಪು ಉಡುಪಿನದ್ದು, ಆರಿ-ಕೆಲಿ ಅವರಿಗೆ. ನೀನು 'ಉಡುಪು ಆರಿ-ಕೆಲಿ' ಅಂತ ಎರಡು ಪದದಲ್ಲಿ ಮುಗಿಸಿದ್ದೀಯಲ್ಲ, ಅವರಿಗೆ!

ಆರಿ-ಕೆಲಿ ಆಸ್ಟ್ರೇಲಿಯಾದ ಕಿಯಾಮ ಅನ್ನುವ ಊರಿನವರು. ಸಿನಿಮಾವನ್ನು ಇನ್ನೊಮ್ಮೆ ನೋಡುವಾಗ ಮುಖ ನೋಡಬೇಡ, ಬಟ್ಟೆ ಮಾತ್ರ ನೋಡು. ಗಂಡಸರಿಬ್ಬರ ಅಂಗಿಯ ಕುತ್ತಿಗೆ ಎಷ್ಟು ಮೇಲಿದೆ ಗಮನಿಸು. ಗಂಟಲಮಣಿ ಮರೆಯಾಗಬೇಕಲ್ಲ. 1920ರ ದಶಕದ ಫ್ಯಾಷನ್ನೂ ಕೈ ಹಿಡಿಯಿತು. ಆಗ ಹೆಂಗಸರ ಉಡುಪು ಸೊಂಟದಲ್ಲಿ ಬಿಗಿಯದೆ ನೇರವಾಗಿ ಇಳಿಯುತ್ತಿತ್ತು. ಗಂಡಸಿನ ಮೈಗೆ ಅದಕ್ಕಿಂತ ಅನುಕೂಲ ಬೇಕೆ? ಆದರೆ ಮನ್ರೋ ಅವರ ಉಡುಪಿಗೆ ಆ ಕಾಲದ ಫ್ಯಾಷನ್ನಿನ ಹಂಗೇ ಇಲ್ಲ. ಮೈಗೆ ಅಂಟಿದ ಹಾಗಿದೆ. ಇಸವಿಗೆ ಸುಳ್ಳು ಹೇಳಿದ್ದಾರೆ ಅಂತ ಯಾರಾದರೂ ತಕರಾರು ತೆಗೆಯಬಹುದು. ನನ್ನ ಪ್ರಕಾರ ಒಳ್ಳೆಯ ಸುಳ್ಳು.

ಇನ್ನು ನಡಿಗೆಯ ವಿಷಯ. ನೀನು ಇಲ್ಲಿ ನಮ್ಮ ಯಕ್ಷಗಾನದ ಸ್ತ್ರೀವೇಷವನ್ನು ತಂದಿದ್ದೀಯ. ಊರಿನ ಅಭಿಮಾನ, ಸರಿ. ಆದರೆ ಹೋಲಿಕೆ ಕೂರುವುದಿಲ್ಲ. ಸ್ತ್ರೀವೇಷದ ಕಲಾವಿದ ರಂಗಸ್ಥಳಕ್ಕೆ ಬಂದಮೇಲೆ ಒಳಗಿರುವ ಗಂಡಸನ್ನು ನಾವು ಮರೆಯಬೇಕು. ಇಲ್ಲಿ ಮರೆತರೆ ನಗು ಸತ್ತೇಹೋಗುತ್ತದೆ. ಈ ವಿಷಯವನ್ನು ನೇರವಾಗಿ ತೋರಿಸುವ ಪ್ರಸಂಗ ಆ ಸೆಟ್‌ನಲ್ಲೇ ನಡೆದಿದೆ. ಬಾರ್ಬೆಟ್ ಅಂತ ಒಬ್ಬರು, ಟೆಕ್ಸಾಸ್‌ನವರು. ಹೆಣ್ಣುವೇಷದಲ್ಲಿ ಹಗ್ಗದ ಮೇಲೆ, ಟ್ರಪೀಜ್ ಮೇಲೆ ಕಸರತ್ತು ಮಾಡಿ ಪ್ಯಾರಿಸ್‌ನಲ್ಲಿ ಹೆಸರು ಮಾಡಿದ ಕಲಾವಿದ. ಕರ್ಟಿಸ್ ಮತ್ತು ಲೆಮನ್‌ಗೆ ಹೆಣ್ಣಿನ ನಡಿಗೆ, ಕೈ ಇಡುವ ರೀತಿ ಕಲಿಸಲು ಅವರನ್ನು ಕರೆಸಿದರು. ಕರ್ಟಿಸ್ ಕಲಿತರು. ಲೆಮನ್ ಬೇಡ ಅಂದರು. ಅವರಿಗೆ ಚೆನ್ನಾಗಿ ನಡೆಯುವ ಹೆಂಗಸು ಬೇಕಿರಲಿಲ್ಲ, ಹೈಹೀಲ್ಸ್‌ನಲ್ಲಿ ಒದ್ದಾಡುವ ಗಂಡಸು ಬೇಕಿತ್ತು. ರೈಲ್ವೆ ಸ್ಟೇಷನ್ನಿನಲ್ಲಿ ಇಬ್ಬರೂ ಮೊದಲ ಸಲ ಹೆಣ್ಣುವೇಷದಲ್ಲಿ ಬರುವ ದೃಶ್ಯವನ್ನು ಈಗ ನೋಡು. ಒಬ್ಬಳು ಗತ್ತಿನಲ್ಲಿ ಬರುತ್ತಾಳೆ, ಇನ್ನೊಬ್ಬಳ ಕಾಲು ಹೊರಳುತ್ತದೆ. ಒಬ್ಬ ಗುರುವಿನ ಮಾತು ಕೇಳಿದ, ಇನ್ನೊಬ್ಬ ಕೇಳಲಿಲ್ಲ. ಎರಡೂ ತೆರೆಯ ಮೇಲೆ ಕಾಣುತ್ತದೆ.

ಕರ್ಟಿಸ್ ಅವರ ಹೆಣ್ಣುದನಿಯ ಬಗ್ಗೆ ಬರೆಯುವಾಗ ಜೋಪಾನ. ಅದು ಕೆಲವು ಕಡೆ ಅವರದ್ದಲ್ಲ, ಪಾಲ್ ಫ್ರೀಸ್ ಅನ್ನುವ ಕಂಠದಾನ ಕಲಾವಿದರದ್ದು. ಈ ಹೆಸರು ಟೈಟಲ್ ಕಾರ್ಡ್‌ನಲ್ಲೂ ಇಲ್ಲ. ಪಟ್ಟಿ ನಂಬಿ ಬರೆದರೆ ಇಂಥವರು ಕೈತಪ್ಪುತ್ತಾರೆ ನೋಡು. ಆದರೆ ಮುಂದೆ ಕೋಟ್ಯಧಿಪತಿಯ ವೇಷ ಹಾಕಿದಾಗ ಆಗಿನ ಹಾಲಿವುಡ್ ತಾರೆ ಕ್ಯಾರಿ ಗ್ರಾಂಟ್ ಅವರನ್ನು ಅಣಕಿಸುವ ದನಿ ಕರ್ಟಿಸ್ ಅವರದ್ದೇ.

ಈಗ ಒಂದು ದೃಶ್ಯ. ಇದನ್ನು ನೀನು ನಿಧಾನವಾಗಿ, ಒಂದೂವರೆ ಪುಟ ತೆಗೆದುಕೊಂಡು ಬರೆದರೂ ನಾನು ಬೈಯುವುದಿಲ್ಲ. ಜೆರ್ರಿ, ಅಂದರೆ ಲೆಮನ್, ಮುದುಕ ಕೋಟ್ಯಧಿಪತಿ ಓಸ್‌ಗುಡ್ ಜೊತೆ ರಾತ್ರಿಯಿಡೀ ಟ್ಯಾಂಗೋ ಕುಣಿದು ಬಂದಿದ್ದಾನೆ. ಹಾಸಿಗೆಯ ಮೇಲೆ ಬಿದ್ದುಕೊಂಡು ಗುನುಗುತ್ತಿದ್ದಾನೆ. ಕೈಯಲ್ಲಿ ಎರಡು ಮರಾಕಾ, ಅಲ್ಲಾಡಿಸಿದರೆ ಝಲ್‌ಝಲ್ ಅನ್ನುವ ವಾದ್ಯ. ಕರ್ಟಿಸ್ ಕಿಟಕಿಯಿಂದ ಒಳಗೆ ಬರುತ್ತಾನೆ. ತನಗೆ ಮದುವೆ ನಿಶ್ಚಯವಾಗಿದೆ ಅನ್ನುತ್ತಾನೆ ಜೆರ್ರಿ. ಆ ಅದೃಷ್ಟವಂತೆ ಯಾರು ಅಂತ ಇವನು ಕೇಳುತ್ತಾನೆ. ನಾನೇ ಅನ್ನುತ್ತಾನೆ ಅವನು. ಒಂದೊಂದು ಮಾತಿಗೂ ಥಿಯೇಟರ್ ನಗುತ್ತದೆ, ಆ ಗದ್ದಲದಲ್ಲಿ ಮುಂದಿನ ಮಾತು ಮುಚ್ಚಿಹೋಗುತ್ತದೆ ಅಂತ ವೈಲ್ಡರ್‌ಗೆ ಮೊದಲೇ ಗೊತ್ತಿತ್ತು. ಮರಾಕಾ ಕೊಟ್ಟದ್ದು ಅದಕ್ಕೇ. ಮಾತು ಆಡು, ಆಮೇಲೆ ಝಲ್‌ಝಲ್ ಮಾಡುತ್ತಾ ಎರಡು ಹೆಜ್ಜೆ ಕುಣಿ, ಜನ ನಕ್ಕು ಮುಗಿಸಲಿ, ಆಮೇಲೆ ಮುಂದಿನ ಮಾತು. ಮರಾಕಾ ಕೈಗಿಟ್ಟಾಗ ಈ ಮನುಷ್ಯನಿಗೆ ತಲೆ ಕೆಟ್ಟಿದೆ ಅಂದುಕೊಂಡೆ ಅಂತ ಲೆಮನ್ ಆಮೇಲೆ ಹೇಳಿಕೊಂಡಿದ್ದಾರೆ. ನೀನು ಒಬ್ಬಳೇ ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ ಆ ಕುಣಿತ ಸ್ವಲ್ಪ ಉದ್ದ ಅನ್ನಿಸುತ್ತದೆ. ತುಂಬಿದ ಹಾಲ್‌ನಲ್ಲಿ ಅದು ಸರಿಯಾಗಿ ಭರ್ತಿಯಾಗುತ್ತದೆ. ಎಡಿಟಿಂಗ್ ಟೇಬಲ್ ಮೇಲೂ ಆ ಜಾಗ ಹಾಗೇ ಉಳಿಯಿತು. ಎಡಿಟರ್ ಆರ್ಥರ್ ಪಿ. ಶ್ಮಿಟ್ ಅವರ ಹೆಸರನ್ನು ಹೇಳಬೇಕಾದ ಜಾಗ ಇದು, ಮೊದಲ ಪುಟವಲ್ಲ.

ಮನ್ರೋ ಬಗ್ಗೆ ನೀನು ಬರೆದ ಪ್ಯಾರಾ ನನಗೆ ಹಿಡಿಸಲಿಲ್ಲ. ತಡವಾಗಿ ಬರುತ್ತಿದ್ದರು, ಒಂದು ಸಣ್ಣ ಮಾತಿಗೆ ಟೇಕ್ ಮೇಲೆ ಟೇಕ್ ತೆಗೆದುಕೊಂಡರು, ಬೀರುವಿನ ಡ್ರಾಯರ್‌ನಲ್ಲಿ ಮಾತು ಬರೆದಿಡಬೇಕಾಯಿತು. ಇಷ್ಟೇ ಇದೆ. ಇದೆಲ್ಲ ನಡೆದದ್ದು ಹೌದು. ಆದರೆ ಎಷ್ಟು ಟೇಕ್ ಅನ್ನುವುದಕ್ಕೆ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ನೀನು ಅದರಲ್ಲಿ ದೊಡ್ಡದನ್ನು ಆರಿಸಿಕೊಂಡಿದ್ದೀಯ. ಆ ಸಂಖ್ಯೆ ತೆಗೆದುಹಾಕು. ಅದರ ಜಾಗದಲ್ಲಿ ಇದನ್ನು ಬರೆ: ಸ್ಯಾನ್ ಡಿಯೆಗೋ ಹತ್ತಿರದ ಹೋಟೆಲ್ ಡೆಲ್ ಕೊರೊನಾಡೊ ಮುಂದಿನ ಸಮುದ್ರತೀರದಲ್ಲಿ ಕರ್ಟಿಸ್ ಜೊತೆ ಒಂದು ಉದ್ದನೆಯ ಮಾತಿನ ದೃಶ್ಯ ಇತ್ತು. ಪಕ್ಕದಲ್ಲೇ ನೌಕಾಪಡೆಯ ವಿಮಾನ ನಿಲ್ದಾಣ, ಆಗಾಗ ತಲೆಯ ಮೇಲೆ ಜೆಟ್ ಹಾರುವ ಸದ್ದು. ಎರಡು ವಿಮಾನಗಳ ನಡುವೆ ಸಿಕ್ಕ ಬಿಡುವಿನಲ್ಲೇ ಶೂಟ್ ಮಾಡಬೇಕು. ದಿನಗಟ್ಟಲೆ ಹಿಡಿಯುತ್ತದೆ ಅಂತ ವೈಲ್ಡರ್ ಲೆಕ್ಕ ಹಾಕಿದ್ದರು. ಮನ್ರೋ ಪಟಪಟನೆ ಮಾತು ಒಪ್ಪಿಸಿ ಮುಗಿಸಿಬಿಟ್ಟರು. ಎರಡನ್ನೂ ಒಟ್ಟಿಗೆ ಇಟ್ಟರೆ ಮನುಷ್ಯರು ಕಾಣುತ್ತಾರೆ. ಒಂದನ್ನೇ ಇಟ್ಟರೆ ಸುಮ್ನೆ ಗಾಸಿಪ್. ಅಂದಹಾಗೆ ಆ ಹೋಟೆಲ್ ಕಥೆಯಲ್ಲಿ ಫ್ಲಾರಿಡಾದ ಮಯಾಮಿಯಲ್ಲಿದೆ, ನಿಜದಲ್ಲಿ ಕ್ಯಾಲಿಫೋರ್ನಿಯಾದಲ್ಲಿದೆ. ನೀನು ಎರಡು ಕಡೆ ಎರಡು ಥರ ಬರೆದಿದ್ದೀಯ, ನೋಡಿಕೋ.

ಇದರಲ್ಲಿ ಗೂಂಡಾಗಳ ನಾಯಕನಾಗಿ ನಟಿಸಿದ ಜಾರ್ಜ್ ರಾಫ್ಟ್ ಬಗ್ಗೆ ಒಂದೇ ಸಾಲು ಸಾಕು, ಆದರೆ ಸರಿಯಾದ ಸಾಲು. 1932ರ 'ಸ್ಕಾರ್‌ಫೇಸ್'ನಲ್ಲಿ ನಾಣ್ಯ ಚಿಮ್ಮುತ್ತಾ ನಿಲ್ಲುವ ಗೂಂಡಾ ಆಗಿ ಹೆಸರಾದವರು ಅವರು. ಇಲ್ಲಿ ಇನ್ನೊಬ್ಬ ಹುಡುಗ ನಾಣ್ಯ ಚಿಮ್ಮುವುದನ್ನು ನೋಡಿ, ಈ ಚೀಪ್ ಆಟ ಎಲ್ಲಿ ಕಲಿತೆ ಅಂತ ಅವರೇ ಗದರಿಸುತ್ತಾರೆ. ಹಳೆಯ ಸಿನಿಮಾ ಗೊತ್ತಿಲ್ಲದ ಓದುಗರಿಗೆ ಇದನ್ನು ನೀನೇ ಹೇಳಬೇಕು.

ಸಿನಿಮಾದ ಕೊನೆಯ ಮಾತು, ಓಸ್‌ಗುಡ್ ಆಗಿ ಜೋ ಇ. ಬ್ರೌನ್ ಹೇಳುವ 'ಯಾರೂ ಪರಿಪೂರ್ಣರಲ್ಲ' (ನೋಬಡೀಸ್ ಪರ್ಫೆಕ್ಟ್) ಅನ್ನುವುದು, ಅದನ್ನು ಎಲ್ಲರೂ ಉದ್ಧರಿಸುತ್ತಾರೆ. ನೀನೂ ಉದ್ಧರಿಸಿದ್ದೀಯ. ಮಾತು ಬಿಡು, ಅದು ಬಂದ ಬಗೆ ಬರೆ. ಅದನ್ನು ಕೊಟ್ಟವರು ಡೈಮಂಡ್. ಸದ್ಯಕ್ಕೆ ಇದಿರಲಿ, ಇನ್ನೂ ಒಳ್ಳೆಯದು ಹೊಳೆದರೆ ಬದಲಿಸೋಣ ಅಂತ ಇಬ್ಬರೂ ಅದನ್ನು ಇಟ್ಟುಕೊಂಡಿದ್ದರು. ಬೇರೆ ಹೊಳೆಯಲಿಲ್ಲ. ಹಾಗೇ ಚಿತ್ರೀಕರಣವಾಯಿತು.

2000ದಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದನ್ನು ಅತ್ಯಂತ ತಮಾಷೆಯ ಅಮೆರಿಕನ್ ಸಿನಿಮಾ ಅಂತ ಮೊದಲ ಸ್ಥಾನದಲ್ಲಿ ಇಟ್ಟಿತು ಅನ್ನುವ ಪ್ಯಾರಾ ತೆಗೆ, ಒಂದು ಸಾಲಿಗೆ ಇಳಿಸು. ಮರುವರ್ಷದ 'ದಿ ಅಪಾರ್ಟ್‌ಮೆಂಟ್' ವಿಷಯವೂ ಇಲ್ಲಿಗೆ ಬೇಡ. ಅದೇ ಜೋಡಿ ಬರೆದದ್ದು, ಅದೇ ಲೆಮನ್, ಚಿತ್ರಕಥೆಗೆ ಆಸ್ಕರ್ ಕೂಡ ಬಂತು, ಎಲ್ಲ ಸರಿ. ಅದಕ್ಕೆ ಬೇರೆ ಲೇಖನ ಬರೆ. ಬಾರ್ಬೆಟ್ ಬಗ್ಗೆಯೂ ಬೇರೆಯೇ ಬರೆಯಬಹುದು, ಅವರ ಕಥೆ ಇನ್ನೂ ದೊಡ್ಡದು.

ಉಡುಪಿನ ಭಾಗ ಮೊದಲು ಬರೆದುಬಿಡು, ಅದು ಸುಲಭ. ಮರಾಕಾ ದೃಶ್ಯ ಬರೆಯುವ ಮೊದಲು ಮನೆಯಲ್ಲಿ ನಾಲ್ಕೈದು ಜನರನ್ನು ಕೂರಿಸಿಕೊಂಡು ನೋಡು. ಯಾವ ಮಾತಿಗೆ ಯಾರು ನಕ್ಕರು, ನಗು ನಿಲ್ಲುವ ಮೊದಲು ಲೆಮನ್ ಮಾತು ಶುರು ಮಾಡಿದರೋ ಇಲ್ಲವೋ, ಒಂದು ಚೀಟಿಯಲ್ಲಿ ಗುರುತು ಹಾಕಿಕೋ. ತಿದ್ದಿದ ಪ್ರತಿಯ ಜೊತೆ ಆ ಚೀಟಿಯನ್ನೂ ನನಗೆ ಕಳಿಸು.

ಇತಿ,
ನಿನ್ನ ಅಕ್ಕ